ತೊಗರಿ ಗೋಷ್ಠಿಯ ವಂದನಾರ್ಪಣೆ

ತೊಗರಿ ಹೂ ಬಿಟ್ಟಿತ್ತು, ಕಾಯಿಕೊರಕ ಹುಳ ಆಗಲೇ ಹೊಲಕ್ಕೆ ಬಿದ್ದಿತ್ತು. ಅದಕ್ಕೆ ಏನು ಹೊಡೆಯಬೇಕೆಂದು ಕೇಳಲು ನಾವೆಲ್ಲ ಕೃಷಿ ಮೇಳದ ಗೋಷ್ಠಿಗೆ ಬಂದು ಕೂತಿದ್ದೆವು. ಹೇಳಬೇಕಾದ ವಿಜ್ಞಾನಿ ಶಶಿರೇಖಾ ಮೇಡಂ ವೇದಿಕೆಯ ತುದಿಯಲ್ಲಿ ಸುಮ್ಮನೆ ಕೂತಿದ್ದರು. ಪ್ರಾರ್ಥನೆ, ಸ್ವಾಗತ, ದೀಪ, ಹಾರ ಎಲ್ಲ ಮುಗಿದರೂ ಅವರ ಸರದಿ ಬರಲಿಲ್ಲ. ಮೇಳದ ಅಧ್ಯಕ್ಷ ಕರಬಸಪ್ಪನವರು ಮೈಕ್ ಹಿಡಿದು ತಮ್ಮ ವಿದೇಶ ಪ್ರವಾಸದ ಕಥೆ ಹೇಳುತ್ತಲೇ ಇದ್ದರು. ಹುಳ ಇವರ ಭಾಷಣ ಮುಗಿಯುವ ತನಕ ಕಾಯುತ್ತದೆಯೇ? ಅವರ ವಿಮಾನ ಇನ್ನೂ ಇಳಿದೇ ಇರಲಿಲ್ಲ, ನಮ್ಮೂರ ಕೊನೆಯ ಬಸ್ಸಿಗೆ ಒಂದೇ ತಾಸು ಉಳಿದಿತ್ತು.

ರೈತರ ಪರವಾಗಿ ವಂದನಾರ್ಪಣೆ ಮಾಡಲು ಸಂಘಟಕರು ನಮ್ಮ ಮಲ್ಕಪ್ಪನಿಗೆ ಹೇಳಿದ್ದರು. ಅವನು ಎದ್ದವನೇ ಸೀದಾ ವೇದಿಕೆ ಹತ್ತಿದ. ಇನ್ನೊಂದು ಮೈಕ್ ಎತ್ತಿಕೊಂಡು, "ಇಂಥಾ ದೊಡ್ಡ ಮನುಷ್ಯರ ಮಾತು ಕೇಳೋದು ನಮ್ಮ ಪುಣ್ಯ" ಎಂದು ಶುರುಮಾಡಿದ.

ತಮ್ಮ ಹೊಗಳಿಕೆಯನ್ನು ತಾವೇ ತಡೆಯುವುದು ಹೇಗೆ? ಅಧ್ಯಕ್ಷರು ಮಾತು ನಿಲ್ಲಿಸಿ ನಗುತ್ತ ನಿಂತರು. ಮಲ್ಕಪ್ಪ ಶಾಲು ಹೊದಿಸಿದ, ಎಲ್ಲರಿಗೂ ವಂದನೆ ಹೇಳಿ ಕೈಮುಗಿದ. ವಂದನಾರ್ಪಣೆ ಆದಮೇಲೆ ಭಾಷಣ ಮಾಡುವ ಪದ್ಧತಿ ಎಲ್ಲಿದೆ? ವೇದಿಕೆಯ ಗಣ್ಯರೆಲ್ಲ ಎದ್ದರು. ಅಧ್ಯಕ್ಷರೂ ಶಾಲು ಸರಿಮಾಡಿಕೊಳ್ಳುತ್ತ ಅವರ ಜೊತೆ ಚಹಾಕ್ಕೆ ನಡೆದರು. ಮೇಡಂ ಮತ್ತು ರೈತರು ಮಾತ್ರ ಕೂತಲ್ಲಿಂದ ಕದಲಲಿಲ್ಲ.

ಸಂಘಟಕರು ಹಲ್ಲು ಕಡಿಯುತ್ತ ಓಡಿಬಂದರು. "ಕೊನೆಗೆ ಮಾಡು ಅಂತ ಹೇಳಿರಲಿಲ್ಲೇನೋ?"

ಮಲ್ಕಪ್ಪ ಮೈಕನ್ನು ಮೇಡಂ ಕೈಗೆ ಕೊಟ್ಟು ತಿರುಗಿದ.

"ಹೇಳಿದ್ರಿ ಸರ್. ಆದ್ರ ಆ ಕೊನೀನೇ ಬರವಲ್ದಾಗಿತ್ತು. ಅದಕ್ಕ ನಾನೇ ಹೋಗಿ ಕರ್ಕೊಂಡ್ ಬಂದೆ."