ಪಟ್ಟದರಸಿಯ ವೀಳ್ಯ

ಸೋವಿದೇವ ಅರಮನೆಯಿಂದ ಬುಸುಗುಟ್ಟುತ್ತ ಆಶ್ರಮಕ್ಕೆ ಮರಳಿದ. ಗುರುಗಳು ಹೊಳೆದಂಡೆಯಲ್ಲಿ ಪಂಚೆ ಹಿಂಡುತ್ತಿದ್ದರು.

“ಕುಂಬಾರರ ಮನೆಗಳು ಉಳಿದವೇನಪ್ಪಾ?”

ಆ ನಲವತ್ತು ಮನೆಗಳನ್ನು ಕೆಡವಿ ಆನೆಲಾಯ ಕಟ್ಟಿಸಲು ಚಕ್ರವರ್ತಿಗಳು ಹೊರಟಿದ್ದರು. ತಪ್ಪಿಸಿ ಬಾ ಎಂದು ಗುರುಗಳು ಕಳಿಸಿದ್ದು ಇವನನ್ನೇ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ; ಸೋವಿದೇವ ಮಾತನ್ನೂ ಬಲ್ಲ, ಜಗಳವನ್ನೂ ಬಲ್ಲ.

“ಉಳಿದವು, ಗುರುಗಳೇ. ಆದರೆ ನನ್ನ ವಾದದಿಂದಲ್ಲ! ಅಲ್ಲಿ ರಾಜ್ಯ ಆಳುವವರು ಚಕ್ರವರ್ತಿಗಳಲ್ಲ, ಪಟ್ಟದರಸಿ ಸಿರಿಯಲದೇವಿ.”

“ಹೌದೇ? ಏನು ಮಾಡಿದರು?”

“ಪಕ್ಕದಲ್ಲಿ ಕೂತು ವೀಳ್ಯದೆಲೆ ಮಡಿಸುತ್ತಾರೆ, ಅಷ್ಟೇ. ನಾನು ನ್ಯಾಯವನ್ನೆಲ್ಲ ಬಿಡಿಸಿ ಹೇಳಿದೆ. ಕೊನೆಗೆ, ‘ಆನೆಗಳಿಗಿರುವ ಬುದ್ಧಿ ಅವುಗಳ ಒಡೆಯನಿಗಿಲ್ಲ’ ಅಂದೆ.”

ಗುರುಗಳ ಕೈಯಿಂದ ಪಂಚೆ ನೀರಿಗೆ ಜಾರಿತು. “ಅಂದೇಬಿಟ್ಟೆಯಾ?”

“ಇದ್ದದ್ದನ್ನೇ ಅಂದೆ. ಚಕ್ರವರ್ತಿಗಳು ಎದ್ದು ನಿಂತರು. ಮೀಸೆ ಅದುರುತ್ತಿತ್ತು. ‘ಯಾರಲ್ಲಿ! ಇವನ ತಲೆ...’ ಅಂತ ಶುರುಮಾಡಿದರು. ಅಷ್ಟರಲ್ಲಿ ಆಕೆ ಒಂದು ದಪ್ಪ ವೀಳ್ಯವನ್ನು ಅವರ ಬಾಯಿಗಿಟ್ಟುಬಿಟ್ಟರು! ತುಂಬಿದ ಸಭೆಯಲ್ಲಿ!”

“ಆಮೇಲೆ?”

“ಬಾಯಿ ತುಂಬ ಎಲೆ, ಮಾತೆಲ್ಲಿಂದ ಬರಬೇಕು? ಅಗಿದರು, ಅಗಿದರು, ಕೂತರು. ಅಷ್ಟು ಹೊತ್ತೂ ಆಕೆ ನನ್ನನ್ನು ಕೇಳಿದ್ದು ಕುಂಬಾರರ ಮನೆಗಳಲ್ಲಿ ಮುದುಕರೆಷ್ಟು, ಎಳೆಗೂಸುಗಳೆಷ್ಟು ಅಂತ. ಹೇಳಿದೆ. ಪೀಕದಾನಿಗೆ ಉಗಿಯುವ ಹೊತ್ತಿಗೆ ಚಕ್ರವರ್ತಿಗಳ ಮುಖ ತಣ್ಣಗಾಗಿತ್ತು. ‘ಆನೆಲಾಯ ಗುಡ್ಡದ ಆಚೆ ಇರಲಿ’ ಅಂದರು.”

“ಒಳ್ಳೆಯದೇ ಆಯಿತಲ್ಲ!” ಗುರುಗಳು ನೀರಿಗಿಳಿದು ಪಂಚೆ ಹಿಡಿದುಕೊಂಡರು.

ಸೋವಿದೇವನಿಗೆ ಅಳು ಬರುವಷ್ಟು ಅವಮಾನವಾಯಿತು. ದಾರಿಯುದ್ದಕ್ಕೂ ಕಲಿತ ಶ್ಲೋಕ, ಕಟ್ಟಿದ ತರ್ಕ ಎಲ್ಲ ಒಂದು ಎಲೆಯ ಮುಂದೆ ನೀರಲ್ಲಿ ಹೋಮವಾಗಿತ್ತು.

“ಏನು ಒಳ್ಳೆಯದು? ದೊರೆ ತನ್ನ ಮಾತನ್ನು ತಾನೇ ಪೂರ್ತಿ ಹೇಳಲಾಗದ ರಾಜ್ಯವೂ ಒಂದು ರಾಜ್ಯವೇ? ನಾಳೆಯೇ ಮತ್ತೆ ಹೋಗುತ್ತೇನೆ. ‘ಹೆಂಡತಿಯನ್ನು ಅಂತಃಪುರಕ್ಕೆ ಕಳಿಸಿ, ಗಂಡಸಿನ ಹಾಗೆ ರಾಜ್ಯ ಆಳಿ’ ಅಂತ ಚಕ್ರವರ್ತಿಗಳ ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ.”

ಗುರುಗಳು ತಡೆಯುತ್ತಾರೆಂದು ಅವನು ಕಾದ. ಅವರು ತಡೆಯಲಿಲ್ಲ. ಪಂಚೆಯನ್ನು ಬಂಡೆಯ ಮೇಲೆ ಹರವಿ ಹತ್ತಿರ ಬಂದರು. ಒದ್ದೆ ಕೈಯಲ್ಲೇ ಅವನ ಕೊರಳನ್ನು ಪ್ರೀತಿಯಿಂದ ಒಮ್ಮೆ ಸವರಿದರು.

“ಧಾರಾಳವಾಗಿ ಹೋಗಿ ಹೇಳಪ್ಪಾ. ಆಕೆ ಪಕ್ಕದಲ್ಲಿ ಕೂತಿರುವಾಗಲೇ ಹೇಳು.”