ಐರಣಿ ಗಡಿಗೆ

“ಗುರುಗಳೇ, ಮನುಷ್ಯನ ಕಿವಿ ಕೆಡುವುದು ಮುಪ್ಪಿನಿಂದಲೋ, ರೋಗದಿಂದಲೋ?” ಎಂದು ಮುರಿಗೆಯ್ಯ ಕೇಳಿದ. ಮಠದ ಬೆಳಗಿನ ಹಾಡಿಕೆಗೆ ಈಗ ಅವನ ಬದಲು ಕಿರಿಯ ಶಿಷ್ಯ ಗಿರಿಮಲ್ಲ ಕೂರುತ್ತಿದ್ದ. ಗಿರಿಮಲ್ಲ ಶ್ರುತಿ ತಪ್ಪುತ್ತಾನೆಂದು ಮುರಿಗೆಯ್ಯ ಹಿಂದಿನ ದಿನವಷ್ಟೇ ದೂರು ಹೇಳಿದ್ದ. ಗುರುಗಳು ಉತ್ತರವಾಗಿ ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮುದಿ ಕುಂಬಾರನಿದ್ದ. ಗಡಿಗೆಯನ್ನು ಬೆರಳಿನಿಂದ ಬಾರಿಸಿ, ಕಣ್ಣಿಗೆ ಕಾಣದ ಬಿರುಕನ್ನೂ ಹೇಳುತ್ತಿದ್ದ. ಮದುವೆಯಲ್ಲಿ ಪೂಜೆಗೆ ಇಡುವ ಐರಣಿ ಗಡಿಗೆಗಳು ಅವನ ಕಿವಿ ದಾಟದೆ ಹಂದರಕ್ಕೆ ಹೋಗುತ್ತಿರಲಿಲ್ಲ. ಒಡಕೆಂದವನೇ ಎಲ್ಲರೆದುರು ಒಡೆದು ತೋರಿಸಬೇಕು ಎಂಬುದು ಅಲ್ಲಿಯ ರೂಢಿ. ಅವನು ಒಡೆದ ಗಡಿಗೆಯಲ್ಲಿ ಬಿರುಕು ಸಿಗದೆ ಹೋದದ್ದೇ ಇಲ್ಲ.

ಆ ಓಣಿಗೆ ಒಬ್ಬ ಹರೆಯದ ಕುಂಬಾರ ಬಂದ. ಅವನ ಬಳಿ ಒಂದು ತೆಳು ತಗಡಿತ್ತು. ಅದರ ಮೈತುಂಬ ಲೆಕ್ಕ ಹಾಕಿ ಕೊರೆದ ಸಣ್ಣ ಗೆರೆಗಳು. ತಗಡು ರೇಡಿಯೋ ಅಲೆಗಳನ್ನು ಮಣ್ಣಿನೊಳಗೆ ಕಳಿಸಿ, ಮರಳಿದ್ದನ್ನು ಬೆರಳಿಗೆ ಮುಟ್ಟಿಸುತ್ತಿತ್ತು. ಬಿರುಕಿದ್ದರೆ ಬೆರಳು ಜುಮ್ಮೆನ್ನುತ್ತಿತ್ತು. ಜನ ಅವನ ಮನೆಯತ್ತ ತಿರುಗಿದರು. ಮುದುಕನಿಗೆ ಹೊಟ್ಟೆಕಿಚ್ಚು. ಗಡಿಗೆ ಸುಡುವ ಆವಿಗೆಯ ಬೆಂಕಿಯಾದರೂ ಮೂರು ದಿನಕ್ಕೆ ಆರುತ್ತದೆ, ಇದು ಆರಲಿಲ್ಲ.

ಒಂದು ಮದುವೆಯಲ್ಲಿ ಹುಡುಗ ಐರಣಿ ಗಡಿಗೆಗೆ ತಗಡು ಹಿಡಿದು, ಚೊಕ್ಕ ಇದೆ ಎಂದ. ಆದರೂ ಗಡಿಗೆಯನ್ನು ಮುದುಕನ ಮುಂದಿಟ್ಟ.

“ಅಜ್ಜಾರ, ನೀವೂ ಒಮ್ಮೆ ಬಾರಿಸಿ ನೋಡ್ರಿ. ನಿಮ್ಮ ಕಿವಿ ಹೌದಂದ್ರನ ನನಗ ಧೈರ್ಯ.”

ಆ ವಿನಯ ಮುದುಕನಿಗೆ ಇನ್ನಷ್ಟು ಚುಚ್ಚಿತು. ಅವನು ಬಾರಿಸಿದ. ನಾದ ಗಂಟೆಯ ಹಾಗೆ ಸ್ವಚ್ಛವಾಗಿತ್ತು. ಹೌದೆಂದರೆ ಇವನು ಗೆದ್ದಂತೆ ಎಂದುಕೊಂಡ.

“ಒಡಕೈತಿ,” ಎಂದ.

ಕೈಗೆ ದೊಣ್ಣೆ ಕೊಟ್ಟರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಅಂದು ದೊಣ್ಣೆ ಹಿಡಿದವನೂ ಕುಂಬಾರನೇ. ಹೆಣ್ಣಿನ ತಂದೆ ಒಂದೊಂದೇ ಚೂರನ್ನು ಆರಿಸಿ ಬೆಳಕಿಗೆ ಹಿಡಿದ. ಎಲ್ಲೂ ಹಳೆಯ ಬಿರುಕಿನ ಗುರುತಿರಲಿಲ್ಲ. ಯಾರೂ ಬೈಯಲಿಲ್ಲ. ಹುಡುಗ ಬೇರೆ ಗಡಿಗೆ ತರಲು ಹೋದ.

ಮರುದಿನ ಮುದುಕ ಮನೆಯ ಗಡಿಗೆಗಳನ್ನೆಲ್ಲ ಬಾರಿಸಿ ನೋಡಿದ. ಕಿವಿ ಎಂದಿನಂತೆ ನಿಜವನ್ನೇ ಹೇಳಿತು. ಅವನನ್ನು ಕೇಳಲು ಮಾತ್ರ ಆಮೇಲೆ ಯಾರೂ ಬರಲಿಲ್ಲ.

ಕತೆ ಮುಗಿಸಿ ಗುರುಗಳು ಶಿಷ್ಯನತ್ತ ತಿರುಗಿದರು.

“ಈಗ ಹೇಳು ಮುರಿಗೆಯ್ಯ, ಗಿರಿಮಲ್ಲನ ಹಾಡು ನಿನ್ನ ಕಿವಿಗೆ ಹೇಗೆ ಕೇಳಿಸಿತ್ತು?”