ಕೊಟ್ರೇಶನ ಹೆಸರು ಹಳದಿಯಾದದ್ದು

ಗುರುಗಳ ಗಂಟಲು ಕೆಟ್ಟಿತ್ತು. ನಾಳೆಯಿಂದ ಬೆಳಗಿನ ಪಾಠ ಹೇಳಲು ಶಿಷ್ಯರಲ್ಲೊಬ್ಬರು ಕೂರಲಿ ಎಂದು ವೈದ್ಯರು ಹೇಳಿದ್ದರು. ಯಾರು ಎಂಬುದನ್ನು ವೈದ್ಯರು ಹೇಳಿರಲಿಲ್ಲ.

ಹಿರಿಯ ಶಿಷ್ಯರು ಇದ್ದದ್ದು ಇಬ್ಬರೇ: ಶಾಂಭವಿ ಮತ್ತು ಕೊಟ್ರೇಶ.

ಕೊಟ್ರೇಶ ಲ್ಯಾಪ್‌ಟಾಪ್ ಹಿಡಿದು ಹೊಳೆದಂಡೆಗೆ ಬಂದ. ಗುರುಗಳು ಪಂಚೆ ಒಗೆಯುತ್ತಿದ್ದರು.

“ಗುರುಗಳೇ, ನಿಮ್ಮ ಹನ್ನೊಂದು ವರ್ಷದ ಪಾಠ ಪೂರಾ ಇದರಲ್ಲಿದೆ. ನೀವು ಆಡಿದ ಒಂದು ಮಾತನ್ನೂ ಬಿಡದೆ ಟೈಪ್ ಮಾಡಿಸಿದ್ದೇವೆ.”

“ಪಾಪ, ಯಾರು ಮಾಡಿದರೋ.”

“ಒಂದು ಪದ ಕೊಟ್ಟರೆ ಸಾಕು. ಅದು ಇರುವ ಕಡೆಯೆಲ್ಲ ಹಳದಿ ಬಳಿದು ತೋರಿಸುತ್ತದೆ.”

“ಯಾವ ಪದ ಕೊಟ್ಟೆ?”

ಕೊಟ್ರೇಶ ಹೊಳೆಯ ಕಡೆ ನೋಡಿದ. “ಸುಮ್ಮನೆ, ಪರೀಕ್ಷೆಗೆ ಅಂತ, ನನ್ನ ಹೆಸರು.”

“ಸಿಕ್ಕಿತೇ?”

“ನಾನೂರ ಹನ್ನೆರಡು ಕಡೆ! ಕೊಟ್ರೇಶ, ಕೊಟ್ರೇಶನಿಗೆ, ಕೊಟ್ರೇಶನನ್ನು... ಬಾಲ ಏನೇ ಇದ್ದರೂ ಹಿಡಿಯುವ ಹಾಗೆ ಅದಕ್ಕೆ ಹೇಳಿಕೊಟ್ಟಿದ್ದೇನೆ. ನೋಡಿ, ಪುಟಪುಟವೂ ಸೇವಂತಿಗೆ ತೋಟ.”

“ಶಾಂಭವಿಯ ಹೆಸರು?”

“ಅದನ್ನೇ ಮೊದಲು ಹುಡುಕಿದ್ದು. ಎಲ್ಲೂ ಇಲ್ಲ.” ದನಿಯಲ್ಲಿ ವಿಷಾದ ತರಲು ಅವನು ತಕ್ಕಮಟ್ಟಿಗೆ ಪ್ರಯತ್ನಿಸಿದ.

ಗುರುಗಳು ಪಂಚೆ ಹಿಂಡಿದರು. “ಹಳದಿಯ ಅಕ್ಕಪಕ್ಕ ಏನಿದೆ?”

“ಅಕ್ಕಪಕ್ಕ ನೋಡಲಿಲ್ಲ. ಎಣಿಸಿದೆ.”

“ಓದು.”

ಕೊಟ್ರೇಶ ಎದೆಯುಬ್ಬಿಸಿ ಓದಿದ. “‘ಅದಲ್ಲ, ಕೊಟ್ರೇಶ.’”

“ಮುಂದಿನದು.”

“‘ಕೊಟ್ರೇಶನನ್ನು ಯಾರಾದರೂ ಎಬ್ಬಿಸಿ.’”

“ಹೂಂ.”

“‘ಕೊಟ್ರೇಶನಿಗಾಗಿ ಮತ್ತೆ ಮೊದಲಿನಿಂದ ಹೇಳುತ್ತೇನೆ, ಉಳಿದವರು ಕ್ಷಮಿಸಬೇಕು.’”

ಇನ್ನೂ ಹತ್ತು ಓದಿದ. ಒಂದೊಂದಕ್ಕೂ ದನಿ ಇಳಿಯಿತು. ಹದಿನಾಲ್ಕನೆಯದನ್ನು ಮನಸ್ಸಿನಲ್ಲೇ ಓದಿಕೊಂಡು ಲ್ಯಾಪ್‌ಟಾಪ್ ಮುಚ್ಚಿದ.

“ನಾಳೆ ಶಾಂಭವಿ ಅಕ್ಕನೇ ಕೂರಲಿ, ಗುರುಗಳೇ.”

“ಅವಳಿಗೆ ಯಾವುದನ್ನೂ ಎರಡನೇ ಸಲ ಹೇಳಬೇಕಾಗಲಿಲ್ಲ.”

“ಅದಕ್ಕೇ ಅಂದೆ. ನಾನು ಹಿಂದೆ, ಗೋಡೆಗೆ ಒರಗಿಕೊಂಡು ಕೂರುತ್ತೇನೆ.”

“ನಾನೂರ ಹನ್ನೆರಡು ಸಲ ಅನ್ನಿಸಿಕೊಂಡೆಯಲ್ಲ, ಮಾರನೇ ದಿನ ಎಲ್ಲಿ ಕೂರುತ್ತಿದ್ದೆ?”

“ಮುಂದಿನ ಸಾಲಿನಲ್ಲೇ.”

“ಒಂದು ದಿನವಾದರೂ ತಪ್ಪಿಸಿದೆಯಾ?”

“ಇಲ್ಲ.”

ಗುರುಗಳು ಪಂಚೆ ಕೊಡವಿ ಕಲ್ಲಿನ ಮೇಲೆ ಹರವಿದರು.

“ಅರ್ಥವಾಗದೆ ಕೂರುವುದು ಎಷ್ಟು ಕಷ್ಟ ಅಂತ ಶಾಂಭವಿಗೇನು ಗೊತ್ತು? ನಾಳೆ ಪಾಠಕ್ಕೆ ನೀನು ಕೂರು.”